ಅದು ಹಿನ್ನೆಲೆ ಸಂಗೀತವಲ್ಲ

ಸಂಯೋಜಕ ಫಿಲಿಪ್ ಗ್ಲಾಸ್ ಅವರ ರಂಗಕೃತಿಗಳಲ್ಲಿ ಸಂಗೀತ ಬರೀ ಹಿನ್ನೆಲೆ, ಗೆದ್ದದ್ದೆಲ್ಲ ಜತೆಗಾರರ ಕೈಚಳಕ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಖಂಡಿತ ಒಪ್ಪಲಾರೆ. 1976ರ ಒಪೆರಾ ‘ಐನ್‌ಸ್ಟೈನ್ ಆನ್ ದ ಬೀಚ್’ಗೆ ಕಥೆಯೇ ಇಲ್ಲ. ನಿರ್ದೇಶಕ ರಾಬರ್ಟ್ ವಿಲ್ಸನ್ ಬಿಡಿಸಿದ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಗ್ಲಾಸ್ ಸಂಗೀತ ಬರೆದರು. ಅಂಕಿ, ಸ್ವರಾಕ್ಷರಗಳನ್ನೇ ಹಾಡುವ ಮೇಳ ಸುಮಾರು ಐದು ಗಂಟೆ ರಂಗವನ್ನು ಹಿಡಿದು ನಿಲ್ಲಿಸುತ್ತದೆ. ಇದು ಹಿನ್ನೆಲೆಯೇ?

1980ರ ‘ಸತ್ಯಾಗ್ರಹ’ ನೋಡಿ: ದಕ್ಷಿಣ ಆಫ್ರಿಕಾದ ಗಾಂಧಿ, ಕಾನ್‌ಸ್ಟನ್ಸ್ ಡಿಜಾಂಗ್ ಭಗವದ್ಗೀತೆಯಿಂದ ಆಯ್ದ ಸಂಸ್ಕೃತ ಪಠ್ಯ. ಕೊನೆಗೆ ಗಾಂಧಿ ಒಂದೇ ಆರೋಹವನ್ನು ಮತ್ತೆ ಮತ್ತೆ ಹಾಡುತ್ತಾರೆ; ಹಿಂದೆ ಎತ್ತರದಲ್ಲಿ ಮಾರ್ಟಿನ್ ಲೂಥರ್ ಕಿಂಗ್. ರವಿಶಂಕರ್, ಅಲ್ಲಾ ರಖಾ ಅವರಿಂದ ಲಯದ ಲೆಕ್ಕ ಕಲಿತ ಗ್ಲಾಸ್ ಅವರ ಕೈ ಅದು. ಲೇಖಕರು ಆ ದೃಶ್ಯವೊಂದನ್ನಾದರೂ ಪೂರ್ತಿ ಕೇಳಲಿ.