ಪ್ರವಾಸಿಗರ ಪ್ರವಾಹ: ಊರಿನ ಪಾಲೆಷ್ಟು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯು ಪ್ರವಾಸೋದ್ಯಮದಿಂದ ಏಳಿಗೆ ಹೊಂದುವುದೆಂಬ ಮಾತನ್ನು ಸರಕಾರದವರೂ ಜನಪ್ರತಿನಿಧಿಗಳೂ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು; ರಾಜಧಾನಿಯ ಹೆಸರನ್ನು ಹೊತ್ತರೆ ಬಂಡವಾಳವು ತಾನಾಗಿ ಹರಿದುಬರುವುದೆಂಬುದೇ ಈ ಮಾರ್ಪಾಟಿಗೆ ಕೊಟ್ಟ ಮುಖ್ಯ ಸಮರ್ಥನೆ. ಬರಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಬಂದವರ ತಲೆಗಳನ್ನು ಎಣಿಸಿ, ಅವರು ಬಂದುದರಿಂದ ಊರಿಗೆ ಉಳಿದುದೇನೆಂಬುದನ್ನು ಎಣಿಸದೆ ಬಿಡುವ ಲೆಕ್ಕವು ಅರ್ಧ ಲೆಕ್ಕವೆಂಬುದು ನಮ್ಮ ಅಭಿಪ್ರಾಯ.

ಈ ಪ್ರಶ್ನೆಯು ನಮ್ಮೊಬ್ಬರದೇ ಅಲ್ಲ. ಸಮುದ್ರದ ನಡುವಣ ಸಣ್ಣ ದ್ವೀಪಗಳ ಜನರು ಇದನ್ನೇ ಇಂದು ಲೋಕದ ಮುಂದೆ ಇಟ್ಟಿದ್ದಾರೆ. ಸಾವಿರಾರು ಮಂದಿಯನ್ನು ಹೊತ್ತ ವಿಹಾರನೌಕೆಗಳು ಬೆಳಗ್ಗೆ ದಡಕ್ಕೆ ಬರುತ್ತವೆ, ಸಂಜೆ ಹೊರಟುಹೋಗುತ್ತವೆ. ಊಟ, ಹಾಸಿಗೆ, ಆಟಪಾಟಗಳೆಲ್ಲವೂ ಹಡಗಿನೊಳಗೇ ಇರುವುದರಿಂದ ಹಣದ ಹೆಚ್ಚಿನ ಪಾಲು ಹಡಗಿನ ಒಡೆಯನಿಗೆ ಸಲ್ಲುತ್ತದೆ. ಬೀದಿಯ ನೂಕುನುಗ್ಗಲೂ ಕಸವೂ ನೀರಿನ ಅಭಾವವೂ ದ್ವೀಪದವರಿಗೆ ಉಳಿಯುತ್ತವೆ. ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದ ನಿವಾಸಿಗಳು ಸುಮಾರು 15,000. ಅಲ್ಲಿ ಒಂದೇ ದಿನ ನೌಕೆಗಳಿಂದ 10,000ಕ್ಕೂ ಮಿಕ್ಕಿ ಜನರು ಇಳಿದದ್ದುಂಟು. ಕಡೆಗೆ 2025ರಿಂದ ದಿನಕ್ಕೆ 8,000 ಎಂಬ ಮಿತಿಯನ್ನು ವಿಧಿಸಬೇಕಾಯಿತು. ಅಮೆರಿಕದ ಫ್ಲೋರಿಡಾ ಪ್ರಾಂತದ ಕೀ ವೆಸ್ಟ್ ದ್ವೀಪದ ಮತದಾರರು 2020ರಲ್ಲಿ ದೊಡ್ಡ ನೌಕೆಗಳು ಬೇಡವೆಂದು ಮತ ಕೊಟ್ಟರು. ಮರುವರ್ಷವೇ ಪ್ರಾಂತದ ಶಾಸನಸಭೆಯು ಆ ಜನತೀರ್ಪನ್ನು ಕಾನೂನಿನಿಂದ ತೊಡೆದುಹಾಕಿತು. ಊರವರ ಮಾತಿಗೆ ಊರಿನಲ್ಲಿಯೇ ಬೆಲೆಯಿಲ್ಲದಂತೆ ಮಾಡುವ ಈ ಬಗೆಯನ್ನು ನಮ್ಮ ವಾಚಕರು ನೆನಪಿನಲ್ಲಿಡಬೇಕು.

ನಮ್ಮ ನವಮಂಗಳೂರು ಬಂದರಿಗೂ ಇಂಥ ನೌಕೆಗಳು ಬಂದು, ಅವುಗಳ ಪ್ರಯಾಣಿಕರು ಕಾರ್ಕಳ, ಮೂಡಬಿದಿರೆಗಳನ್ನು ಒಂದೇ ಹಗಲಿನಲ್ಲಿ ನೋಡಿ ಹಿಂದಿರುಗುವುದುಂಟು. ಒಳನಾಡಿನ ಈ ನಾಲ್ಕು ತಾಲ್ಲೂಕುಗಳಿಗೆ ಸಮುದ್ರವಿಲ್ಲ, ಹಡಗಿಲ್ಲ. ಹಡಗಿನ ರೀತಿ ಮಾತ್ರ ಬಂದುಬಿಟ್ಟಿದೆ. ಶನಿವಾರ ಭಾನುವಾರ ಬಂತೆಂದರೆ ಬೆಂಗಳೂರಿನ ಮೋಟಾರುಗಳು ಬೆಟ್ಟದ ಬುಡಕ್ಕೂ ಹೊಳೆಯ ದಡಕ್ಕೂ ಸಾಲುಗಟ್ಟುತ್ತವೆ. ಎತ್ತರದ ಕಾಂಪೌಂಡು ಗೋಡೆಯ ಒಳಗೆ ಊಟ, ಈಜುಕೊಳ, ಹಾಸಿಗೆಗಳನ್ನು ಒದಗಿಸುವ ರೆಸಾರ್ಟು ನೆಲದ ಮೇಲೆ ನಿಂತ ಹಡಗಲ್ಲದೆ ಮತ್ತೇನು? ಅದರೊಳಗೆ ಇಳಿದವನು ಪಕ್ಕದ ಹಳ್ಳಿಯ ಹೆಸರನ್ನೂ ಕೇಳದೆ ಹಿಂದಿರುಗಬಹುದು. ಬಂದ ಪುಟ್ಟ, ಹೋದ ಪುಟ್ಟ!

ಚನ್ನಪಟ್ಟಣದ ಗತಿಯನ್ನು ನೋಡಿ. ಹಾಲೆಮರವನ್ನು ಕಡೆದು, ಅರಗಿನ ಬಣ್ಣವೇರಿಸಿ, ತಾಳೆಯ ಗರಿಯಿಂದ ಹೊಳಪು ಕೊಡುವ ಅಲ್ಲಿಯ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಅವುಗಳ ಕೀರ್ತಿ ದೇಶಾಂತರಕ್ಕೂ ಹಬ್ಬಿದೆ. ಆದರೆ ಕೀರ್ತಿಯು ಒಲೆ ಹೊತ್ತಿಸುವುದಿಲ್ಲ. ಮೈಸೂರಿಗೆ ಹೋಗುವವರು ಹಳೆಯ ರಸ್ತೆಯ ಬದಿಯಲ್ಲಿ ನಿಂತು ಮಕ್ಕಳಿಗೊಂದು ಗೊಂಬೆ ಕೊಳ್ಳುತ್ತಿದ್ದುದೇ ಅಂಗಡಿಯವರಿಗೂ ಅವರ ಹಿಂದಿನ ಕುಶಲಕರ್ಮಿಗಳಿಗೂ ದಿನದ ಆಧಾರವಾಗಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ದಶಪಥ ಹೆದ್ದಾರಿಯು ರಾಮನಗರವನ್ನೂ ಚನ್ನಪಟ್ಟಣವನ್ನೂ ಬಳಸಿಕೊಂಡು ಹೊರಗಿನಿಂದ ಹೋಗುತ್ತದೆ. ಬೆಂಗಳೂರು ಮೈಸೂರುಗಳ ನಡುವಣ ಪ್ರಯಾಣದ ಕಾಲ ಇಳಿಯಿತೆಂಬುದು ನಿಜ; ಅದರೊಡನೆ ಹಳೆಯ ರಸ್ತೆಯ ಅಂಗಡಿಗಳ ವ್ಯಾಪಾರವೂ ಇಳಿಯಿತು. ಹೆದ್ದಾರಿ ತಪ್ಪೆಂದು ನಾವು ಹೇಳುವುದಿಲ್ಲ. ರಸ್ತೆಯನ್ನು ಹಾಕುವಾಗ, ರಸ್ತೆಯನ್ನೇ ನಂಬಿ ಬದುಕಿದವರಿಗೆ ಹೊಸ ರಸ್ತೆಯ ಅಂಚಿನಲ್ಲಿ ಮೊದಲೇ ಸ್ಥಳ ಕೊಡಬೇಕಾಗಿತ್ತೆಂದು ಹೇಳುತ್ತೇವೆ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿ ಬೆಳೆಸಿದ ಜಾನಪದ ಲೋಕವೂ ಹಳೆಯ ರಸ್ತೆಯ ಬದಿಯಲ್ಲಿಯೇ ಇದೆ. ನಾಡಿನ ಜನರ ಹಾಡು, ಕುಣಿತ, ಮನೆಬಳಕೆಯ ಸಾಮಾನುಗಳನ್ನು ಕಾಪಾಡಿದ ಆ ಸಂಸ್ಥೆಯನ್ನು ಕಾಣಬೇಕಾದರೆ ಯಾತ್ರಿಕನು ವೇಗವನ್ನು ಬಿಟ್ಟು ಇಳಿಯಬೇಕು.

ಇನ್ನು ರಾಮದೇವರ ಬೆಟ್ಟ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಬಂಡೆಗಳು ಇವೇ ಎಂದು ತೋರಿಸಿಕೊಂಡು ಬರುವವರ ಸಂಖ್ಯೆ ಈಗಲೂ ಕಡಿಮೆಯಾಗಿಲ್ಲ. ಆ ನೆನಪನ್ನು ಮಾರಾಟದ ಸರಕು ಮಾಡಬೇಕೆಂಬ ಸಲಹೆಗಳೂ ಆಗಾಗ ಕೇಳಿಬಂದಿವೆ. ಆದರೆ ಆ ಬಂಡೆಗಳಿಗೆ ಚಲಚ್ಚಿತ್ರಕ್ಕಿಂತ ಹಳೆಯ ಒಕ್ಕಲೊಂದಿದೆ. ಉದ್ದ ಕೊಕ್ಕಿನ ರಣಹದ್ದು ಅಲ್ಲಿಯ ಕಡಿದಾದ ಬಂಡೆಯ ಚಾಚುಗಳಲ್ಲಿ ಗೂಡು ಕಟ್ಟಿ, ವರ್ಷಕ್ಕೆ ಒಂದೇ ಒಂದು ಮೊಟ್ಟೆಯಿಡುತ್ತದೆ. ಸರಕಾರವು 2012ರಲ್ಲಿ ಸುಮಾರು 346 ಹೆಕ್ಟೇರು ಪ್ರದೇಶವನ್ನು ರಣಹದ್ದುಗಳ ಧಾಮವೆಂದು ಸಾರಿತು. ದೇಶದಾದ್ಯಂತ ಈ ಹಕ್ಕಿಗಳು ಅಳಿದುದಕ್ಕೆ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧವೇ ಪ್ರಧಾನ ಕಾರಣ. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. ಆ ಪಾಪವನ್ನು ಪ್ರವಾಸಿಗರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಬೆರಳೆಣಿಕೆಗೆ ಇಳಿದು ಉಳಿದವುಗಳಿಗಾದರೂ ನಿಶ್ಶಬ್ದವು ಬೇಡವೇ? ಅಬ್ಬರದಿಂದ ಒಂದು ಜೋಡಿ ಗೂಡು ಬಿಟ್ಟರೆ ಹೋಗುವುದು ಆ ಜೋಡಿಯ ಇಡೀ ವರ್ಷದ ಸಂತಾನ.

ಮಾಗಡಿಯ ಸಾವನದುರ್ಗಕ್ಕೂ ಕನಕಪುರದ ಸಂಗಮ, ಮೇಕೆದಾಟುಗಳಿಗೂ ಇದೇ ಮಾತು ಸಲ್ಲುತ್ತದೆ. ಸಾವನದುರ್ಗದಲ್ಲಿ ವೀರಭದ್ರನಿಗೂ ನರಸಿಂಹನಿಗೂ ನಡೆದುಕೊಳ್ಳುವ ಒಕ್ಕಲುಗಳು ತಲೆತಲಾಂತರದಿಂದ ಬರುತ್ತಿದ್ದಾರೆ. ಅವರು ಬೆಟ್ಟವನ್ನು ತಮ್ಮದೆಂದು ಬಲ್ಲರು. ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದಲ್ಲಿ ಸುಳಿಯೆಲ್ಲಿ, ಮಡುವೆಲ್ಲಿ ಎಂಬುದನ್ನು ಹರಿಗೋಲಿನವರು ಬಲ್ಲರು. ಪೇಟೆಯಿಂದ ಬಂದ ತರುಣರು ಅರಿಯರು. ನೀರಿಗಿಳಿದು ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಗಳು ಅಚ್ಚಿಸದ ವರ್ಷವಿಲ್ಲ. ಆಗ ಹೆಣ ಹುಡುಕಲು ನೀರಿಗಿಳಿಯುವವರು ಹಳ್ಳಿಯವರು. ಮರುದಿನ ಒಡೆದ ಸೀಸೆಗಳನ್ನು ಆರಿಸುವವರೂ ಅವರೇ.

ಪ್ರವಾಸೋದ್ಯಮದಿಂದ ನೂರಾರು ಕೈಗಳಿಗೆ ಕೆಲಸ ಸಿಕ್ಕುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಿಕ್ಕುತ್ತದೆ. ಆದರೆ ಭೂಮಿಯನ್ನು ಮಾರಿದ ರೈತನ ಮಗನು ಅದೇ ಭೂಮಿಯಲ್ಲೆದ್ದ ರೆಸಾರ್ಟಿನ ಬಾಗಿಲಲ್ಲಿ ಕಾವಲುಗಾರನಾಗಿ ನಿಲ್ಲುವುದನ್ನು ಏಳಿಗೆಯೆಂದು ಕರೆಯಲು ನಮಗೆ ನಾಲಿಗೆ ಏಳುವುದಿಲ್ಲ.

ಇದಕ್ಕೆ ಪರಿಹಾರವನ್ನು ಹುಡುಕಲು ಗ್ರೀಸ್ ದೇಶದವರೆಗೆ ಹೋಗಬೇಕಾಗಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯವರೆಗೆ ಹೋದರೆ ಸಾಕು. ಗೂಡು ಬೆಳೆದ ರೈತನು ದಲ್ಲಾಳಿಯ ಕೈಗೆ ಸಿಕ್ಕಿ ಹಾಳಾಗಬಾರದೆಂದು ಸರಕಾರವು 1959ರಲ್ಲಿ ಶಾಸನ ಮಾಡಿತು. ಬಹಿರಂಗ ಹರಾಜು, ಸರಿಯಾದ ತೂಕ, ತೂಕಕ್ಕೆ ತಕ್ಕ ಬೆಲೆ ಎಂಬುದು ಆ ವ್ಯವಸ್ಥೆಯ ತಿರುಳು. ರೇಷ್ಮೆಯ ವ್ಯಾಪಾರಕ್ಕೆ ಸಲ್ಲುವ ನ್ಯಾಯವು ಬೆಟ್ಟ ಹೊಳೆಗಳ ವ್ಯಾಪಾರಕ್ಕೆ ಏಕೆ ಸಲ್ಲಬಾರದು?

ಸರಕಾರದವರಲ್ಲಿ ನಾವು ಮಾಡುವ ಅರಿಕೆ ನಾಲ್ಕು. ಮೊದಲನೆಯದಾಗಿ, ಪ್ರತಿಯೊಂದು ಬೆಟ್ಟಕ್ಕೂ ದಿನಕ್ಕಿಷ್ಟು ಜನವೆಂಬ ಮಿತಿಯಿರಲಿ. 2024ರ ಜನವರಿಯಲ್ಲಿ ಕುಮಾರಪರ್ವತದ ಜನಜಂಗುಳಿಯನ್ನು ಕಂಡ ಮೇಲೆ ಚಾರಣಕ್ಕೆ ಮುಂಗಡ ನೋಂದಣಿಯನ್ನು ತಂದ ಅರಣ್ಯ ಇಲಾಖೆಗೆ ಇದು ಹೊಸ ವಿದ್ಯೆಯಲ್ಲ. ರಣಹದ್ದುಗಳು ಮರಿಮಾಡುವ ತಿಂಗಳುಗಳಲ್ಲಿ ಮಿತಿಯು ಇನ್ನೂ ಬಿಗಿಯಾಗಿರಲಿ. ಎರಡನೆಯದಾಗಿ, ಪ್ರವೇಶದ ಶುಲ್ಕದಲ್ಲಿಯೂ ವಾಹನ ನಿಲುಗಡೆಯ ಶುಲ್ಕದಲ್ಲಿಯೂ ನಿಶ್ಚಿತವಾದ ಪಾಲು ಆಯಾ ಗ್ರಾಮ ಪಂಚಾಯತಿಗೆ ನೇರವಾಗಿ ಸೇರಲಿ. ಮೂರನೆಯದಾಗಿ, ದಶಪಥ ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಚನ್ನಪಟ್ಟಣದ ಗೊಂಬೆ ಮಾಡುವವರಿಗೆ, ನಡುವೆ ವರ್ತಕನಿಲ್ಲದೆ, ಮಳಿಗೆಗಳು ಮೀಸಲಾಗಲಿ. ನಾಲ್ಕನೆಯದಾಗಿ, ಹೊಸ ರೆಸಾರ್ಟಿಗೆ ಅಪ್ಪಣೆ ಕೊಡುವ ಮುನ್ನ ಗ್ರಾಮಸಭೆಯ ಒಪ್ಪಿಗೆಯನ್ನು ಪಡೆಯುವುದು ಕಡ್ಡಾಯವಾಗಲಿ.

ಬೆಂಗಳೂರಿನ ನಾಗರಿಕರಿಗೂ ಒಂದು ಮಾತು. ನೀವು ಬರುವುದು ಕೆಂಪೇಗೌಡರ ಮಾಗಡಿಗೆ. ನಿಮ್ಮ ನಗರವನ್ನು ಕಟ್ಟಿದವರ ನೆಲಕ್ಕೆ. ನೆಂಟರಾಗಿ ಬನ್ನಿ. ನೆಂಟನು ಉಂಡ ಎಲೆಯನ್ನು ಅಂಗಳದಲ್ಲಿ ಎಸೆದು ಹೋಗುವುದಿಲ್ಲ. ಹೊರಡುವಾಗ ಮನೆಯ ಮಗುವಿನ ಕೈಗೆ ಏನಾದರೂ ಇಟ್ಟೇ ಹೋಗುತ್ತಾನೆ. ದಶಪಥದಿಂದ ಇಳಿದು ಹಳೆಯ ರಸ್ತೆಯನ್ನು ಹಿಡಿದರೆ ತಡವಾಗುವುದು ಸ್ವಲ್ಪವೇ. ಆ ಸ್ವಲ್ಪದಲ್ಲಿ ಒಂದು ಸಂಸಾರದ ಅನ್ನವಿದೆ.