ಎಂಸಿಬಿಯ ಬಾಯಿ ಮುಚ್ಚಿಸಬೇಡಿ

ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು ಚಾಫ್ ಕಟರ್ ಸ್ವಿಚ್ ಒತ್ತಿದರೆ 'ಟಕ್' ಅಂತ ಎಂಸಿಬಿ ಬೀಳುತ್ತದೆ. ಎತ್ತಿದರೆ ಮತ್ತೆ ಬೀಳುತ್ತದೆ. ಮೂರನೇ ಸಲ ಬಿದ್ದಾಗ ವೈರಿಂಗ್ ಮಾಡುವ ಹುಡುಗನಿಗೆ ಫೋನ್ ಹೋಗುತ್ತದೆ. ಅವನು ಬಂದು ಹೇಳುವ ಮಾತು ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ: "ಅಣ್ಣಾ, ಇದು 16ರದ್ದು. 32ರದ್ದು ಹಾಕ್ಬಿಡ್ತೀನಿ, ಇನ್ಮೇಲೆ ಬೀಳಲ್ಲ."

ಹಾಕುತ್ತಾನೆ. ಬೀಳುವುದಿಲ್ಲ. ಎಲ್ಲರಿಗೂ ಖುಷಿ. ನಮ್ಮ ತಕರಾರು ಇರುವುದೇ ಈ ಖುಷಿಯ ಮೇಲೆ.

ನಮ್ಮ ಬಳಗದ ಒಬ್ಬರ ಮನೆಯಲ್ಲೂ ಹೀಗೇ ಆಯಿತು. ಎಂಸಿಬಿ ಬೀಳುವುದು ನಿಂತ ಮೇಲೆ ಧೈರ್ಯ ಬಂತು. ಕೊಟ್ಟಿಗೆಯ ಅದೇ ಲೈನಿಗೆ ನೀರಿನ ಮೋಟರ್ ಸೇರಿತು, ಹಾಲು ಕರೆಯುವ ಮಷಿನ್ ಸೇರಿತು. ಒಂದು ಸಂಜೆ ಅಜ್ಜಿ, "ಏನೋ ರಬ್ಬರ್ ಸುಟ್ಟ ವಾಸನೆ ಬರ್ತಿದೆ ಕಣೋ, ನೋಡು" ಎಂದರು. ಅಟ್ಟದಲ್ಲಿ ಒಣಹುಲ್ಲಿನ ಪಕ್ಕದಲ್ಲೇ ಹಾದುಹೋದ ವೈರು ಕರಗಿ ಪೈಪಿಗೆ ಅಂಟಿಕೊಂಡಿತ್ತು. ಎಂಸಿಬಿ ಮಾತ್ರ ಏನೂ ಆಗದವರಂತೆ ನಿಂತಿತ್ತು. ಅಜ್ಜಿಯ ಮೂಗು ಮಾಡಿದ ಕೆಲಸವನ್ನು ಎಂಸಿಬಿ ಮಾಡಬೇಕಿತ್ತು. ಅದು ಮಾಡದ ಹಾಗೆ ಅದರ ಬಾಯಿ ಮುಚ್ಚಿಸಿದವರು ನಾವೇ.

ಎಂಸಿಬಿ ಇರುವುದು ಮುಖ್ಯವಾಗಿ ವೈರನ್ನು ಕಾಯಲು. ಮನೆಗಳಲ್ಲಿ ಸಾಮಾನ್ಯವಾಗಿ ಎಳೆಯುವ 1.5 ಚದರ ಮಿಲಿಮೀಟರಿನ ತಾಮ್ರದ ವೈರು ಪೈಪಿನೊಳಗೆ ಸುಮಾರು 15 ಆಂಪಿಯರ್ ತಡೆಯುತ್ತದೆ. ಅದಕ್ಕೆ 32ರ ಎಂಸಿಬಿ ಹಾಕಿದರೆ, 30 ಆಂಪಿಯರ್ ಹರಿದರೂ ಎಂಸಿಬಿ ಬೀಳುವುದಿಲ್ಲ. ಕರೆಂಟು ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಳೇ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತುತ್ತಿದ್ದೆವಲ್ಲ, ಇದು ಅದೇ ತಪ್ಪು. ಈಗ ಅದಕ್ಕೆ ಬಿಳಿ ಪ್ಲಾಸ್ಟಿಕ್ಕಿನ ಡಬ್ಬಿ ಬಂದಿದೆ, ಅಷ್ಟೇ.

ಹಾಗಾದರೆ ಮೋಟರ್ ಶುರುವಾಗುವಾಗಲೇ ಯಾಕೆ ಬೀಳುತ್ತದೆ? ನಿಂತ ಗಾಡಿಯನ್ನು ತಳ್ಳಿದವರಿಗೆ ಇದು ಗೊತ್ತು. ಉರುಳಲು ಶುರುವಾದ ಮೇಲೆ ಹಗುರ, ಮೊದಲ ನೂಕು ಭಾರ. ಮೋಟರ್ ಕೂಡ ಶುರುವಾಗುವ ಆ ಕ್ಷಣ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. 2 ಎಚ್‌ಪಿಯ ಸಿಂಗಲ್ ಫೇಸ್ ಚಾಫ್ ಕಟರ್ ಓಡುವಾಗ ಸುಮಾರು 10 ಆಂಪಿಯರ್ ತೆಗೆದುಕೊಂಡರೆ, ಶುರುವಾಗುವಾಗ 50–60 ಎಳೆಯಬಹುದು. ವೇಗ ಹಿಡಿದ ಕೂಡಲೇ ಇಳಿಯುತ್ತದೆ. ಈ ಒಂದೆರಡು ಕ್ಷಣದ ತೊಂದರೆಗೆ ನಾವು ವರ್ಷವಿಡೀ ಇರುವ ಕಾವಲನ್ನೇ ತೆಗೆದುಹಾಕುತ್ತಿದ್ದೇವೆ.

ಇದಕ್ಕೆ ಬೇರೆ ದಾರಿ ಇದೆ. ನಿಮ್ಮ ಎಂಸಿಬಿಯ ಮುಖ ನೋಡಿ. 16 ಎಂಬ ಅಂಕಿಯ ಹಿಂದೆ ಇಂಗ್ಲಿಷಿನ ಬಿ ಅಥವಾ ಸಿ ಅಕ್ಷರ ಇರುತ್ತದೆ. ಬಿ ಎಂದಿದ್ದರೆ ತನ್ನ ಅಂಕಿಯ 3ರಿಂದ 5 ಪಟ್ಟು ಕರೆಂಟು ಬಂದ ತಕ್ಷಣ ಬೀಳುತ್ತದೆ, ಅಂದರೆ 48ರಿಂದ 80 ಆಂಪಿಯರಿನ ಒಳಗೆ. ಸಿ ಎಂದಿದ್ದರೆ 5ರಿಂದ 10 ಪಟ್ಟು, ಅಂದರೆ 80ರಿಂದ 160. ಬಿ ಲೈಟು, ಪ್ಲಗ್ಗಿಗೆ; ಸಿ ಮೋಟರಿಗೆ. ಅದೇ 16ರಲ್ಲಿ ಸಿ ಹಾಕಿದರೆ ಶುರುವಿನ ಎಳೆತವನ್ನು ತಡೆದುಕೊಳ್ಳುತ್ತದೆ, ವೈರು ಕಾಯುವ ಕೆಲಸವನ್ನೂ ಬಿಡುವುದಿಲ್ಲ. ಬದಲಾಗಬೇಕಾದ್ದು ಅಕ್ಷರ, ಅಂಕಿಯಲ್ಲ. ಅಂಗಡಿಯಲ್ಲಿ "16ರದ್ದು ಕೊಡಿ" ಎಂದಷ್ಟೇ ಕೇಳಬೇಡಿ, "ಮೋಟರಿಗೆ, ಸಿ ಟೈಪ್" ಎಂದು ಕೇಳಿ.

ಎಂಸಿಬಿ ಕೊಳ್ಳುವ ಮೊದಲು ಕಾಸು ಖರ್ಚಿಲ್ಲದ ಕೆಲಸಗಳಿವೆ. ಚಾಫ್ ಕಟರ್ ಬಾಯಿಗೆ ಸೀಮೆಹುಲ್ಲು ತುರುಕಿ ಸ್ವಿಚ್ ಒತ್ತಬೇಡಿ. ಖಾಲಿ ಓಡಿಸಿ, ವೇಗ ಹಿಡಿದ ಮೇಲೆ ಮೇವು ಕೊಡಿ. ಗ್ರೈಂಡರಿಗೂ ಇದೇ ಮಾತು. ಕರೆಂಟು ಹೋದಾಗ ಮೋಟರ್, ಗ್ರೈಂಡರ್ ಸ್ವಿಚ್ ಆರಿಸಿ. ಇಲ್ಲದಿದ್ದರೆ ಕರೆಂಟು ಬಂದ ಕ್ಷಣಕ್ಕೆ ಎಲ್ಲವೂ ಒಟ್ಟಿಗೆ ಎಳೆಯುತ್ತವೆ. ಬಂದ ಮೇಲೆ ಒಂದೊಂದಾಗಿ ಹಾಕಿ, ಫ್ರಿಜ್ಜಿಗೆ ಐದು ನಿಮಿಷ ಬಿಡಿ. ಮೋಟರ್ ಗುಂಯ್ ಎನ್ನುತ್ತಾ ತಿರುಗದೆ ನಿಂತರೆ ಕೂಡಲೇ ಆರಿಸಿ. ಕಂಡೆನ್ಸರ್ ಸತ್ತಿರಬಹುದು, ಬೇರಿಂಗ್ ಬಿಗಿದಿರಬಹುದು. ಅದು ಎಂಸಿಬಿಯ ತಪ್ಪಲ್ಲ.

ಆಮೇಲೆ ವೈರು. ಮನೆಯಿಂದ ಕೊಟ್ಟಿಗೆಗೆ 40 ಮೀಟರ್ ದೂರ, 1.5ರ ವೈರು ಎಳೆದಿದ್ದೀರಿ ಎನ್ನೋಣ. ಶುರುವಿನಲ್ಲಿ 50 ಆಂಪಿಯರ್ ಹರಿದರೆ ಹೋಗಿಬರುವ ವೈರಿನಲ್ಲೇ 48 ವೋಲ್ಟ್ ಕಳೆದುಹೋಗುತ್ತದೆ. 4ರ ವೈರಾದರೆ ಕಳೆಯುವುದು 18 ಮಾತ್ರ. ಮೋಟರಿಗೆ ಬೋರ್ಡಿನಿಂದಲೇ ಪ್ರತ್ಯೇಕ ಲೈನು, ತಕ್ಕ ದಪ್ಪದ ವೈರು, ಅರ್ಥಿಂಗ್ ಇರಲಿ. ಈ ಕೆಲಸವನ್ನು ಲೈಸೆನ್ಸ್ ಇದ್ದವರಿಂದಲೇ ಮಾಡಿಸಿ.

"ಬಡವರು ಇಷ್ಟೆಲ್ಲ ಎಲ್ಲಿಂದ ತರೋದು?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಒಂದೇ ಬಲ್ಬಿಗೆಂದು ಎಳೆದ ವೈರಿನಲ್ಲೇ ಇವತ್ತು ಮಿಕ್ಸಿ, ಫ್ರಿಜ್ಜು, ಮೋಟರ್ ನಡೆಸುತ್ತಿರುವ ಮನೆಗಳು ನಮ್ಮ ಊರುಗಳಲ್ಲಿವೆ. ಆದರೆ ಹುಲ್ಲು, ಹಸು, ಮನೆ ಸುಟ್ಟರೆ ಆಗುವ ಖರ್ಚಿನ ಮುಂದೆ ವೈರಿನ ಖರ್ಚು ಯಾವ ಲೆಕ್ಕ? ದುಡ್ಡಿಲ್ಲದಿದ್ದರೆ ವೈರು ಬದಲಿಸುವವರೆಗೆ ಒಂದು ಮಷಿನ್ ಓಡುವಾಗ ಇನ್ನೊಂದು ಹಾಕಬೇಡಿ. 32ರ ಎಂಸಿಬಿ ಮಾತ್ರ ಬೇಡ.

ಎಲ್ಲ ತಪ್ಪನ್ನೂ ಮನೆಯವರ ತಲೆಗೆ ಕಟ್ಟುವುದೂ ಅನ್ಯಾಯ. ಮನೆಗೆ 230 ವೋಲ್ಟ್ ಬರಬೇಕು, ಏರುಪೇರು ಶೇಕಡಾ 6ರ ಒಳಗಿರಬೇಕು ಎಂಬುದು ಹಳೆಯ ನಿಯಮ. ಅಂದರೆ 216ಕ್ಕಿಂತ ಕೆಳಗಿಳಿಯಬಾರದು. ಟಿಸಿಯಿಂದ ದೂರದ ಕೊನೇ ಮನೆಗಳಲ್ಲಿ ಸಂಜೆ ಹೊತ್ತು ಲೈಟು ಮಿಣುಕುವುದನ್ನು ನೋಡಿದವರಿಗೆ ನಿಯಮದ ಬೆಲೆ ಗೊತ್ತು. ವೋಲ್ಟೇಜ್ 160ಕ್ಕೆ ಇಳಿದರೆ ಮೋಟರ್ ಶುರುವಾಗುವ ಬಲ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅದು ವೇಗ ಹಿಡಿಯಲಾರದೆ ಒದ್ದಾಡುತ್ತಾ ಹೆಚ್ಚು ಹೊತ್ತು ಭಾರೀ ಕರೆಂಟು ಎಳೆಯುತ್ತದೆ, ಎಂಸಿಬಿ ಬೀಳುತ್ತದೆ. ಇಂಥ ಕಡೆ ಸಿ ಟೈಪ್ ಹಾಕಿದರೂ ಪೂರ್ತಿ ಪರಿಹಾರವಿಲ್ಲ. ಬಿಲ್ಲಿನಲ್ಲಿ ಒಂದು ಯೂನಿಟ್ಟೂ ಬಿಡದೆ ಲೆಕ್ಕ ಹಾಕುವವರು ವೋಲ್ಟೇಜಿನ ಲೆಕ್ಕವನ್ನೂ ಕೊಡಬೇಕು. 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಒಬ್ಬರೇ ಹೇಳಿದರೆ ಕೇಳುವುದಿಲ್ಲ. ಆ ಟಿಸಿಯ ಅಷ್ಟೂ ಮನೆಯವರು ಸಹಿ ಹಾಕಿ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ಎರಡು ಎಚ್ಚರಿಕೆ. ಮಷಿನ್ ಶುರುವಾಗಿ ಸ್ವಲ್ಪ ಹೊತ್ತು ಓಡಿದ ಮೇಲೆ ಎಂಸಿಬಿ ಬಿದ್ದರೆ, ಅಥವಾ ಏನೂ ಹಾಕದಿದ್ದರೂ ಬಿದ್ದರೆ, ಅದು ಶುರುವಿನ ಎಳೆತವಲ್ಲ. ಎಲ್ಲೋ ಹೊರೆ ಹೆಚ್ಚಿದೆ ಅಥವಾ ಶಾರ್ಟ್ ಇದೆ. ಮತ್ತೆ ಮತ್ತೆ ಎತ್ತಬೇಡಿ. ಇನ್ನೊಂದು, ಎಂಸಿಬಿ ಶಾಕಿನಿಂದ ಕಾಯುವುದಿಲ್ಲ. ಅದಕ್ಕೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕು. ಒದ್ದೆ ನೆಲದ ಕೊಟ್ಟಿಗೆಗೆ ಅದು ಇರಲೇಬೇಕು. ಅದು ಬಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದರ್ಥ, ತೆಗೆದುಹಾಕುವ ಯೋಚನೆಯನ್ನೇ ಮಾಡಬೇಡಿ.

ವೈರಿಂಗ್ ಕೆಲಸದ ತಮ್ಮಂದಿರಿಗೂ ಒಂದು ಮಾತು. ಎಂಸಿಬಿ ಬದಲಿಸುವ ಮೊದಲು ಪೈಪಿನೊಳಗಿನ ವೈರು ಎಷ್ಟರದ್ದು ಎಂದು ನೋಡಿ. ನೋಡದೆ 32 ಹಾಕಿ ಕೂಲಿ ತೆಗೆದುಕೊಂಡರೆ ನೀವು ಮಾಡಿದ್ದು ರಿಪೇರಿಯಲ್ಲ, ಆ ಮನೆಯ ಅಟ್ಟದಲ್ಲಿ ಕೆಂಡ ಇಟ್ಟು ಬಂದಿದ್ದೀರಿ.

ನಾಯಿ ಬೊಗಳಿದರೆ ಕಳ್ಳ ಎಲ್ಲಿ ಎಂದು ನೋಡುತ್ತೇವೆ, ನಾಯಿಯ ಬಾಯಿ ಕಟ್ಟುವುದಿಲ್ಲ. ಇವತ್ತು ಬೋರ್ಡಿನ ಮುಂದೆ ನಿಂತು ನಿಮ್ಮ ಎಂಸಿಬಿಯ ಮೇಲೆ ಏನಿದೆ ನೋಡಿ. ಮೋಟರ್ ಲೈನಿನಲ್ಲಿ 32 ಇದ್ದು, ಒಳಗಿರುವ ವೈರು ಎಷ್ಟರದ್ದೆಂದು ಗೊತ್ತಿಲ್ಲದಿದ್ದರೆ, ಮೊದಲು ಅದನ್ನು ನೋಡಿಸಿ.