ಮಾತು ಕೊಟ್ಟ ದೇಶಗಳು, ಕಾದು ಕೂತ ಜನ

1971ರ ನವೆಂಬರ್ 15ರಿಂದ ರಾಯಚೂರು ಜಿಲ್ಲೆಯ ದೇವದುರ್ಗದಲ್ಲಿ ಒಂದು ಲಕೋಟೆ ಅಂಚೆಗೆ ಹಾಕಬೇಕೆಂದರೂ 5 ಪೈಸೆಯ ಇನ್ನೊಂದು ಚೀಟಿ ಅಂಟಿಸಬೇಕಾಯಿತು. ನಿರಾಶ್ರಿತರ ಪರಿಹಾರಕ್ಕೆಂದು ಕೇಂದ್ರ ಸರ್ಕಾರ ದೇಶದ ಉದ್ದಗಲಕ್ಕೂ ಹಾಕಿದ ಅಂಚೆ ತೆರಿಗೆ ಅದು. 1973ರ ಮಾರ್ಚ್ ಮುಗಿಯುವವರೆಗೂ ನಡೆಯಿತು. ಕೃಷ್ಣೆಯ ದಂಡೆಯ ಗೂಗಲ್‌ನಿಂದ ಹೊರಟ ಕಾಗದವಾಗಲಿ, ಬೆಂಗಳೂರಿನ ಸಾಹುಕಾರರ ಪತ್ರವಾಗಲಿ, ತೆರಿಗೆ ಒಂದೇ. ಪೂರ್ವ ಪಾಕಿಸ್ತಾನದಿಂದ ಜೀವ ಉಳಿಸಿಕೊಳ್ಳಲು ಓಡಿಬಂದ ಸುಮಾರು 1 ಕೋಟಿ ಜನರ ಗಂಜಿಗೆ ಹೀಗೆ ಇಡೀ ದೇಶ ಕೈಜೋಡಿಸಿತು.

ಆ ಚೀಟಿ ಬರುವ ಹೊತ್ತಿಗೆ ಇಂದಿರಾ ಗಾಂಧಿ ಬೆಲ್ಜಿಯಂ, ಆಸ್ಟ್ರಿಯಾ, ಬ್ರಿಟನ್, ಅಮೆರಿಕ, ಫ್ರಾನ್ಸ್, ಪಶ್ಚಿಮ ಜರ್ಮನಿಗಳನ್ನು ಸುತ್ತಿ ಆಗಷ್ಟೇ ಮರಳಿದ್ದರು. ಅವರಿಗಿಂತ ಮೊದಲು ಜಯಪ್ರಕಾಶ ನಾರಾಯಣರು ಹಲವು ರಾಜಧಾನಿಗಳಿಗೆ ಹೋಗಿ ಇದೇ ಸಂಕಟವನ್ನು ತೋಡಿಕೊಂಡಿದ್ದರು. ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನಡೆಸಿದ ಸಂಗೀತ ಕಛೇರಿಯ ಟಿಕೆಟ್ಟಿನಿಂದ ಸುಮಾರು 2,43,000 ಡಾಲರ್ ಬಂದು ಯುನಿಸೆಫ್‌ಗೆ ಸೇರಿತು. ಅನುಕಂಪಕ್ಕೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಹಣಕ್ಕೆ. ಹೊರದೇಶಗಳು ಕೊಟ್ಟದ್ದು ನಿರಾಶ್ರಿತರ ಖರ್ಚಿನ ಒಂದು ಭಾಗಕ್ಕಷ್ಟೇ ಸಾಕಾಯಿತು. ಉಳಿದ ಹೊರೆಯನ್ನು ಬಡ ಭಾರತವೇ ಹೊತ್ತಿತು.

ಯುದ್ಧ ನಡೆಯುವಾಗ ಜಗತ್ತಿನ ಕಣ್ಣು ಅತ್ತ ಇರುತ್ತದೆ. ಗುಂಡಿನ ಸದ್ದು ನಿಂತ ಮೇಲೆ, ಮುರಿದ ದೇಶವನ್ನು ಎತ್ತಿ ನಿಲ್ಲಿಸಲು ನಾಲ್ಕು ದೇಶಗಳನ್ನು ಒಂದೆಡೆ ಕೂರಿಸುವ ರಾಯಭಾರ ಯುದ್ಧಕಾಲದ ರಾಯಭಾರಕ್ಕಿಂತ ಕಠಿಣ. ಅದಕ್ಕೆ ಸಿಗುವ ಗಮನವೂ ಕಡಿಮೆ, ಗೌರವವೂ ಕಡಿಮೆ. ಪೂರ್ವ ಪಾಕಿಸ್ತಾನವು ಬಾಂಗ್ಲಾದೇಶವಾದ ಮೇಲಿನ, 1972ರಿಂದ 1974ರವರೆಗಿನ ಕಥೆಯಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ಉದಾಹರಣೆ ನಮ್ಮ ನೆರೆಯಲ್ಲಿ ಬೇರೆ ಇಲ್ಲ.

ಮೊದಲ ತಿಂಗಳುಗಳಲ್ಲಿ ಆದದ್ದು ಪವಾಡವೆಂದೇ ಹೇಳಬೇಕು. 1972ರ ಫೆಬ್ರುವರಿ ಮುಗಿಯುವಷ್ಟರಲ್ಲಿ 90 ಲಕ್ಷಕ್ಕೂ ಹೆಚ್ಚು ಜನ ಭಾರತದ ಶಿಬಿರಗಳಿಂದ ತಮ್ಮ ಊರುಗಳಿಗೆ ಹಿಂದಿರುಗಿದರು. ಆದರೆ ಯಾವ ಊರಿಗೆ? ಮನೆಗಳು ಸುಟ್ಟಿದ್ದವು, ಎತ್ತುಗಳು ಇರಲಿಲ್ಲ, ರೈಲು ಮತ್ತು ರಸ್ತೆಯ ನೂರಾರು ಸೇತುವೆಗಳು ಮುರಿದಿದ್ದವು. ಚಿತ್ತಗಾಂಗ್ ಬಂದರಿನ ಬಾಯಲ್ಲಿ ಹಡಗುಗಳು ಮುಳುಗಿ ಕೂತಿದ್ದವು, ನೀರಿನಡಿ ಸ್ಫೋಟಕಗಳಿದ್ದವು. ಅಕ್ಕಿ ಕೊಡುವವರು ಸಿಕ್ಕರೂ ಅಕ್ಕಿ ಇಳಿಸುವ ಜಾಗ ಇರಲಿಲ್ಲ.

ವಿಶ್ವಸಂಸ್ಥೆ ಢಾಕಾದಲ್ಲಿ ಪರಿಹಾರ ಕಾರ್ಯಾಚರಣೆಗೆ ಕಚೇರಿ ತೆರೆಯಿತು. ಆಸ್ಟ್ರೇಲಿಯಾದ ಸರ್ ರಾಬರ್ಟ್ ಜಾಕ್ಸನ್ ಅದರ ಹೊಣೆ ಹೊತ್ತರು. 1973ರ ಕೊನೆಯ ಹೊತ್ತಿಗೆ ಅದು ಒಂದುಗೂಡಿಸಿದ ನೆರವು 100 ಕೋಟಿ ಡಾಲರ್ ಮೀರಿತ್ತು. ಸೋವಿಯತ್ ನೌಕಾಪಡೆಯವರು 1972ರ ಏಪ್ರಿಲ್‌ನಲ್ಲಿ ಚಿತ್ತಗಾಂಗ್‌ಗೆ ಬಂದರು. ಎರಡು ವರ್ಷಕ್ಕೂ ಹೆಚ್ಚು ಕಾಲ ನೀರಿಗಿಳಿದು ಹಡಗುಗಳನ್ನು ಎತ್ತಿದರು, ಸ್ಫೋಟಕಗಳನ್ನು ತೆಗೆದರು. ಅಲ್ಲೇ ಪ್ರಾಣಬಿಟ್ಟ ಯೂರಿ ರೆಡ್ಕಿನ್ ಎಂಬ ನಾವಿಕನ ಸಮಾಧಿ ಇವತ್ತಿಗೂ ಚಿತ್ತಗಾಂಗ್‌ನಲ್ಲಿದೆ. ಪದ್ಮಾ ನದಿಯ ಹಾರ್ಡಿಂಜ್ ಸೇತುವೆಯ ಒಂದು ಅಂಕಣ ಯುದ್ಧದಲ್ಲಿ ಉರುಳಿತ್ತು. ಭಾರತೀಯ ರೈಲ್ವೆಯ ನೆರವಿನಿಂದ ಅದು ದುರಸ್ತಿಯಾಗಿ 1972ರ ಅಕ್ಟೋಬರ್‌ನಲ್ಲಿ ಮತ್ತೆ ರೈಲು ಓಡಿತು. ಆ ವರ್ಷ ರಾಯಚೂರು, ಗುಲ್ಬರ್ಗ, ಬಿಜಾಪುರದ ಜನ ಎಪ್ಪತ್ತೆರಡರ ಬರಕ್ಕೆ ಸಿಕ್ಕು ಜೋಳಕ್ಕಾಗಿ ಪರದಾಡಿದ್ದನ್ನು ಇಲ್ಲಿನ ಹಿರಿಯರು ಮರೆತಿಲ್ಲ. ತನ್ನ ಮನೆಯಲ್ಲೇ ಬರ ಇದ್ದ ವರ್ಷದಲ್ಲಿ ಭಾರತ ಗಡಿಯಾಚೆಗೆ ಧಾನ್ಯ ಕಳಿಸಿತ್ತು. ಅದನ್ನು ಹೆಮ್ಮೆಯಿಂದ ನೆನೆಯಬೇಕು.

ಇಷ್ಟಾದರೂ ಹೊಸ ದೇಶಕ್ಕೆ ಬಾಗಿಲುಗಳು ಸಲೀಸಾಗಿ ತೆರೆಯಲಿಲ್ಲ. 1972ರ ಆಗಸ್ಟ್ 25ರಂದು ಬಾಂಗ್ಲಾದೇಶದ ವಿಶ್ವಸಂಸ್ಥೆ ಸದಸ್ಯತ್ವಕ್ಕೆ ಚೀನಾ ವಿಟೊ ಹಾಕಿತು. ಭಾರತದ ವಶದಲ್ಲಿದ್ದ ಸುಮಾರು 93,000 ಪಾಕಿಸ್ತಾನಿ ಸೆರೆಯಾಳುಗಳ ಪ್ರಶ್ನೆ ಅದರ ಹಿಂದೆ ಇತ್ತು. ಒಂದು ದೇಶದ ಸೈನಿಕರು ಮನೆಗೆ ಹೋಗುವುದಕ್ಕೂ ಇನ್ನೊಂದು ದೇಶಕ್ಕೆ ವಿಶ್ವಸಂಸ್ಥೆಯಲ್ಲಿ ಜಾಗ ಸಿಗುವುದಕ್ಕೂ ಹೀಗೆ ಗಂಟು ಬಿದ್ದಿತ್ತು. ಭಾರತದ ಪರವಾಗಿ ಪಿ.ಎನ್. ಹಕ್ಸರ್ ತಿಂಗಳುಗಟ್ಟಲೆ ಕೂತು ಮಾತಾಡಿದ ಫಲವಾಗಿ 1973ರ ಆಗಸ್ಟ್‌ನಲ್ಲಿ ಸೆರೆಯಾಳುಗಳನ್ನು ಹಿಂದಿರುಗಿಸುವ ದೆಹಲಿ ಒಪ್ಪಂದವಾಯಿತು. 1974ರ ಫೆಬ್ರುವರಿಯಲ್ಲಿ ಪಾಕಿಸ್ತಾನ ಬಾಂಗ್ಲಾದೇಶವನ್ನು ಒಪ್ಪಿಕೊಂಡಿತು, ಸೆಪ್ಟೆಂಬರ್ 17ರಂದು ವಿಶ್ವಸಂಸ್ಥೆಯ ಬಾಗಿಲು ತೆರೆಯಿತು. ಇನ್ನೊಂದು ಕಡೆ ಸಾಲದ ಜಗ್ಗಾಟ. ಅಖಂಡ ಪಾಕಿಸ್ತಾನ ಮಾಡಿದ ಹಳೆಯ ಸಾಲದಲ್ಲಿ ಪಾಲು ಒಪ್ಪಿಕೊಳ್ಳಿ ಎಂದು ಸಾಲ ಕೊಟ್ಟ ದೇಶಗಳು ಪಟ್ಟು ಹಿಡಿದವು. ವಿಶ್ವಬ್ಯಾಂಕ್ ಮುಂದಾಳತ್ವದ ನೆರವು ಕೂಟ ರೂಪುಗೊಂಡದ್ದು 1974ರಲ್ಲಿ. ಅಷ್ಟು ಹೊತ್ತಿಗೆ ಕ್ಷಾಮ ಬಂದಾಗಿತ್ತು.

ಆ ಕ್ಷಾಮದ ಒಂದು ಸಂಗತಿಯನ್ನು ರಾಯಚೂರಿನ ಮಾರುಕಟ್ಟೆಯಲ್ಲಿ ವ್ಯವಹರಿಸುವ ಯಾರಾದರೂ ಕೂಡಲೇ ಗ್ರಹಿಸಬಲ್ಲರು. ಬಾಂಗ್ಲಾದೇಶದ ಮುಖ್ಯ ಆದಾಯ ಸೆಣಬು. ಅದು ಕ್ಯೂಬಾಕ್ಕೆ ಗೋಣಿಚೀಲ ಮಾರಿತು. ಕ್ಯೂಬಾದೊಂದಿಗೆ ವ್ಯಾಪಾರ ಮಾಡುವ ದೇಶಕ್ಕೆ ರಿಯಾಯಿತಿ ಧಾನ್ಯ ಕೊಡುವಂತಿಲ್ಲ ಎಂಬ ತನ್ನ ಕಾನೂನು ತೋರಿಸಿ ಅಮೆರಿಕ ಹಡಗುಗಳನ್ನು ತಡೆಯಿತು. ಬಾಂಗ್ಲಾ ಆ ವ್ಯಾಪಾರ ನಿಲ್ಲಿಸುವುದಾಗಿ ಒಪ್ಪಿ, ಧಾನ್ಯ ದಡ ಸೇರುವ ಹೊತ್ತಿಗೆ ಹಸಿವಿನ ಕೆಟ್ಟ ತಿಂಗಳುಗಳು ಕಳೆದಿದ್ದವು. ಸರ್ಕಾರಿ ಲೆಕ್ಕದಲ್ಲೇ 26,000 ಜನ ಸತ್ತರು. ಸ್ವತಂತ್ರ ಅಂದಾಜುಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ವರ್ಷ ದೇಶದಲ್ಲಿ ಆಹಾರದ ಒಟ್ಟು ಪ್ರಮಾಣ ಹಿಂದಿನ ವರ್ಷಗಳಿಗಿಂತ ಕಡಿಮೆ ಇರಲಿಲ್ಲ, ಪ್ರವಾಹದಿಂದ ಕೂಲಿ ತಪ್ಪಿದವರಿಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ ಎಂದು ಅಮರ್ತ್ಯ ಸೇನ್ ಮುಂದೆ ಲೆಕ್ಕಸಮೇತ ತೋರಿಸಿದರು. ಮಾರುಕಟ್ಟೆ, ಸರ್ಕಾರ, ನೆರವು ಕೊಡುವವರು ಎಲ್ಲರೂ ಇದ್ದರು. ಸಮಯಕ್ಕೆ ಯಾರೂ ಒದಗಲಿಲ್ಲ.

ಇವತ್ತಿನ ಪುನರ್ನಿರ್ಮಾಣ ಸಮ್ಮೇಳನಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಉಕ್ರೇನ್‌ಗಾಗಿ 2022ರಲ್ಲಿ ಲುಗಾನೊ, 2023ರಲ್ಲಿ ಲಂಡನ್, 2024ರಲ್ಲಿ ಬರ್ಲಿನ್, 2025ರಲ್ಲಿ ರೋಮ್ ಎಂದು ವರ್ಷಕ್ಕೊಂದು ಸಭೆ ಸೇರಿದೆ. ಆ ದೇಶವನ್ನು ಮತ್ತೆ ಕಟ್ಟಲು 10 ವರ್ಷಕ್ಕೆ 52,400 ಕೋಟಿ ಡಾಲರ್ ಬೇಕೆಂದು 2025ರ ಫೆಬ್ರುವರಿಯ ಅಂದಾಜು. ಅದೇ ತಿಂಗಳು ಗಾಜಾಕ್ಕೆ ಹಾಕಿದ ಲೆಕ್ಕ 5,300 ಕೋಟಿ ಡಾಲರ್. ಗಾಜಾಕ್ಕೆ ಇದು ಹೊಸದಲ್ಲ. 2014ರ ಯುದ್ಧದ ನಂತರ ಕೈರೋದಲ್ಲಿ ಸೇರಿದ ದೇಶಗಳು 350 ಕೋಟಿ ಡಾಲರ್ ಕೊಡುವುದಾಗಿ ಮಾತು ಕೊಟ್ಟವು. ಒಂದೂವರೆ ವರ್ಷ ಕಳೆದರೂ ಅದರ ಅರ್ಧವೂ ಬಂದಿರಲಿಲ್ಲವೆಂದು ಲೆಕ್ಕ ಇಟ್ಟದ್ದು ವಿಶ್ವಬ್ಯಾಂಕೇ. ಕಟ್ಟಿದ್ದನ್ನು ಮತ್ತೆ ಕೆಡವಲಾಯಿತು.

ಇಂಥ ಸಭೆಗಳನ್ನು ಬೇಡವೆನ್ನಲಾಗದು. ಒಂದೇ ದೇಶದ ಕೈಯಲ್ಲಿ ಆಗುವ ಕೆಲಸ ಇದಲ್ಲ. ಆದರೆ ಘೋಷಿಸಿದ ಮೊತ್ತವನ್ನೇ ಯಶಸ್ಸೆಂದು ಬರೆದುಕೊಳ್ಳುವ ರೂಢಿ ನಿಲ್ಲಬೇಕು. ಮುಂದಿನ ಸಭೆ ಕರೆಯುವ ಮೊದಲು, ಹಿಂದಿನ ಸಭೆಯಲ್ಲಿ ಯಾರು ಎಷ್ಟು ಹೇಳಿದರು, ಎಷ್ಟು ಕೊಟ್ಟರು, ಎಷ್ಟು ತಿಂಗಳು ತಡವಾಯಿತು ಎಂಬುದನ್ನು ಹೆಸರುಸಹಿತ ಓದಬೇಕು. ನೆರವಿಗೆ ಅಂಟಿಸಿದ ಷರತ್ತುಗಳನ್ನೂ ಓದಬೇಕು.

ಭಾರತಕ್ಕೆ ಇದರಲ್ಲಿ ಹೇಳಲು ತೂಕದ ಮಾತಿದೆ, ಏಕೆಂದರೆ ಅದು ಕೆಲಸ ಮಾಡಿ ತೋರಿಸಿದೆ. ಅಫ್ಗಾನಿಸ್ತಾನದಲ್ಲಿ ಜರಂಜ್‌ನಿಂದ ದೆಲಾರಾಮ್‌ವರೆಗೆ 218 ಕಿಲೊಮೀಟರ್ ರಸ್ತೆಯನ್ನು ನಮ್ಮ ಗಡಿ ರಸ್ತೆ ಸಂಸ್ಥೆ ಕಟ್ಟಿತು, ದಾಳಿಗಳಲ್ಲಿ ತನ್ನವರನ್ನು ಕಳೆದುಕೊಂಡೂ ಕಟ್ಟಿತು. ಹೆರಾತ್ ಪ್ರಾಂತದ ಹರಿರುದ್ ನದಿಗೆ ಸಲ್ಮಾ ಅಣೆಕಟ್ಟು 2016ರಲ್ಲಿ ಮುಗಿಯಿತು. 42 ಮೆಗಾವಾಟ್ ವಿದ್ಯುತ್, 75,000 ಹೆಕ್ಟೇರ್‌ಗೆ ನೀರು ಅದರ ಗುರಿ. ಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರು ಬಂದರೆ ಬದುಕು ಹೇಗೆ ಬದಲಾಗುತ್ತದೆಂದು ಮಾನ್ವಿ, ದೇವದುರ್ಗದ ರೈತರಿಗೆ ಯಾರೂ ವಿವರಿಸಬೇಕಿಲ್ಲ. ಶ್ರೀಲಂಕಾದಲ್ಲಿ ಯುದ್ಧ ಮುಗಿದ ಮೇಲೆ ಭಾರತ ಕೊಟ್ಟ 50,000 ಮನೆಗಳ ಯೋಜನೆಯಲ್ಲಿ ಬಹುಪಾಲು ಮನೆಗಳ ಹಣ ಕಂತು ಕಂತಾಗಿ ನೇರ ಮನೆಯವರ ಬ್ಯಾಂಕ್ ಖಾತೆಗೇ ಹೋಯಿತು. ಅವರು ತಮ್ಮ ಮನೆಯನ್ನು ತಾವೇ ನಿಂತು ಕಟ್ಟಿಸಿಕೊಂಡರು. ದೊಡ್ಡ ದೇಶಗಳ ದೊಡ್ಡ ಗುತ್ತಿಗೆಗಳಿಗಿಂತ ಈ ದಾರಿ ಒಳ್ಳೆಯದು, ಅದನ್ನು ಉಕ್ರೇನ್ ಮತ್ತು ಗಾಜಾದ ಮಾತುಕತೆಗಳಲ್ಲಿ ಭಾರತ ಗಟ್ಟಿಯಾಗಿ ಹೇಳಬೇಕು. 2021ರಲ್ಲಿ ಕಾಬೂಲ್‌ನಿಂದ ಬಂದುಬಿಟ್ಟ ಭಾರತ 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಮತ್ತೆ ಪೂರ್ಣ ರಾಯಭಾರ ಕಚೇರಿ ತೆರೆಯಲು ನಿರ್ಧರಿಸಿದ್ದು ಸರಿಯಾದ ಹೆಜ್ಜೆ. ಕಟ್ಟಿದ ಅಣೆಕಟ್ಟನ್ನು ನೋಡಿಕೊಳ್ಳಲು ಯಾರಾದರೂ ಅಲ್ಲಿರಬೇಕಲ್ಲ.

ಇನ್ನು ಹಿಂದಿರುಗದೆ ಉಳಿದವರ ಮಾತು. ಇದು ಯಾವ ಸಮ್ಮೇಳನದ ಕಾರ್ಯಸೂಚಿಯಲ್ಲೂ ಮೇಲೆ ಬರುವುದಿಲ್ಲ. ರಾಯಚೂರಿನಿಂದ ಮಾನ್ವಿ ದಾಟಿ ಸಿಂಧನೂರಿಗೆ ಹೋದರೆ ಆ ತಾಲ್ಲೂಕಿನಲ್ಲಿ ಆರ್.ಎಚ್. ಕ್ಯಾಂಪ್ ಎಂದು ಕರೆಯುವ ಪುನರ್ವಸತಿ ನೆಲೆಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಹಿಂದೂ ಕುಟುಂಬಗಳಿಗೂ ಬರ್ಮಾದಿಂದ ಬಂದವರಿಗೂ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಇಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಲಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಅವರು ಭತ್ತ ಬೆಳೆದರು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ, ವರ್ಷಕ್ಕೊಮ್ಮೆ ದುರ್ಗಾಪೂಜೆ. ಅರ್ಧ ಶತಮಾನ ದಾಟಿದ ಮೇಲೂ ಅವರಲ್ಲಿ ಎಷ್ಟೋ ಜನ ಪೌರತ್ವದ ಕಾಗದಕ್ಕಾಗಿ ಅಲೆದಿದ್ದಾರೆ. ಕೆಲವರಿಗೆ ಅದು ಸಿಕ್ಕಿದ್ದು 2024ರಲ್ಲಿ. ಬಂಗಾಳದಲ್ಲಿ ಪರಿಶಿಷ್ಟ ಜಾತಿಯಲ್ಲಿರುವ ನಾಮಶೂದ್ರರು ಕರ್ನಾಟಕದ ಪಟ್ಟಿಯಲ್ಲಿಲ್ಲದೆ, ಅವರ ಮಕ್ಕಳು ಜಾತಿ ಪ್ರಮಾಣಪತ್ರವಿಲ್ಲದೆ ಓದು, ನೌಕರಿಯ ಅವಕಾಶ ಕಳೆದುಕೊಂಡಿದ್ದಾರೆ.

ದೆಹಲಿ ಮುಂದಿನ ಪುನರ್ನಿರ್ಮಾಣ ಸಭೆಗೆ ನಿಯೋಗ ಕಳಿಸುವಾಗ ಈ ಕ್ಯಾಂಪ್‌ಗಳ ಕಡತವನ್ನೂ ತರಿಸಿ ನೋಡಲಿ. ನಿರಾಶ್ರಿತರಿಗೆ ಜಮೀನು ಕೊಟ್ಟದ್ದು ಎಷ್ಟು ಒಳ್ಳೆಯದಾಯಿತು, ಕಾಗದ ಕೊಡದೆ ಬಿಟ್ಟದ್ದರಿಂದ ಎಷ್ಟು ಪೀಳಿಗೆ ನಲುಗಿತು ಎಂಬ ಎರಡೂ ಅನುಭವ ನಮ್ಮಲ್ಲೇ ಇದೆ. ಸಿರಿಯಾದವರನ್ನು ಇಟ್ಟುಕೊಂಡ ಟರ್ಕಿ, ಲೆಬನಾನ್‌ಗಳಿಗೂ ಉಕ್ರೇನಿನವರನ್ನು ಇಟ್ಟುಕೊಂಡ ಪೋಲೆಂಡ್‌ಗೂ ಅದು ಬೇಕಾಗುತ್ತದೆ. ಅದಕ್ಕೂ ಮೊದಲು ರಾಜ್ಯ ಸರ್ಕಾರ ಮತ್ತು ಕೇಂದ್ರ ಒಟ್ಟಿಗೆ ಕೂತು, ಸಿಂಧನೂರಿನ ಕ್ಯಾಂಪ್‌ಗಳಲ್ಲಿ ಉಳಿದಿರುವ ಪೌರತ್ವದ ಅರ್ಜಿಗಳನ್ನೂ ನಾಮಶೂದ್ರರ ಜಾತಿ ಪಟ್ಟಿಯ ಬೇಡಿಕೆಯನ್ನೂ ಗಡುವು ಹಾಕಿಕೊಂಡು ಇತ್ಯರ್ಥ ಮಾಡಬೇಕು.